ಮರೈನ್ ಟ್ಯಾಂಕಲ್ಲಿ ಪಾಚಿ ಬಂತಾ? ಮೊದ್ಲು ಯಾವ್ದು ಅಂತ ನೋಡಿ, ಆಮೇಲೆ ಕೈ ಹಾಕಿ

ಪಾಚಿ ಬರದೇ ಇರೋ ಉಪ್ಪುನೀರಿನ ಟ್ಯಾಂಕ್ ಇರೋ ಮನೆಯಿಂದ ಒಂದ್ ಹಿಡಿ ಸಾಸಿವೆ ತಗೊಂಬನ್ನಿ ಅಂದ್ರೆ ಯಾರ ಕೈಲೂ ಆಗಲ್ಲ. ಹತ್ತು ಸಾವಿರದ ಟ್ಯಾಂಕಿಗೂ ಬರತ್ತೆ, ಐದು ಲಕ್ಷದ ಟ್ಯಾಂಕಿಗೂ ಬರತ್ತೆ. ತೊಂದ್ರೆ ಇರೋದು ಅದು ಬಂದಾಗ ಜನ ಮಾಡೋ ಮೊದಲ್ನೇ ಕೆಲ್ಸದಲ್ಲಿ. ಫೋಟೋ ತೆಗ್ದು ಅಂಗಡಿಯವ್ರಿಗೆ ಕಳಿಸ್ತಾರೆ, ಅವ್ರು ಯಾವ್ದೋ ಬಾಟ್ಲಿ ಹೆಸರು ಹೇಳ್ತಾರೆ, ಸಂಜೆ ಹೊತ್ತಿಗೆ ಅದು ಟ್ಯಾಂಕಿಗೆ ಬಿದ್ದಿರತ್ತೆ. ಆದ್ರೆ ಕಣ್ಣಿಗೆ ಒಂದೇ ಥರ ಕೊಳಕಾಗಿ ಕಾಣೋದ್ರಲ್ಲಿ ನಾಲ್ಕೈದು ಬೇರೆ ಬೇರೆ ಜೀವಿಗಳಿವೆ, ಒಂದಕ್ಕೆ ಮದ್ದಾಗಿದ್ದು ಇನ್ನೊಂದಕ್ಕೆ ಮೇವಾಗತ್ತೆ. ಹಸಿರು ಕೂದಲು ಪಾಚಿ ಹೋಗ್ಬೇಕಂದ್ರೆ ನೀರಲ್ಲಿರೋ ನೈಟ್ರೇಟ್ ಫಾಸ್ಫೇಟ್ ಇಳಿಸ್ಬೇಕು, ಡೈನೋ ಅನ್ನೋ ಕಂದು ಲೋಳೆ ಹೋಗ್ಬೇಕಂದ್ರೆ ಅವೆರಡನ್ನೇ ಏರಿಸ್ಬೇಕು. ಅದಕ್ಕೆ ಬಾಟ್ಲಿ ಆಮೇಲೆ, ಗುರ್ತು ಹಿಡಿಯೋದು ಮೊದ್ಲು.

ಯಾವ್ದು ಬಂದಿದೆ ಅಂತ ಕಂಡುಹಿಡಿಯೋದು

ಟ್ಯಾಂಕ್ ಹಾಕಿ ಒಂದೆರಡು ತಿಂಗಳಾಗಿದೆ, ಮರಳಿನ ಮೇಲೆ, ಗಾಜಿನ ಮೇಲೆ ಕಂದು ಬಣ್ಣದ ಪುಡಿ ಉದುರಿಸ್ದಂಗಿದೆ, ಬೆರಳಲ್ಲಿ ಸವರಿದ್ರೆ ಧೂಳೆದ್ದು ಹೋಗತ್ತೆ ಅಂದ್ರೆ ಅದು ಡಯಾಟಮ್. ನೀರಲ್ಲಿರೋ ಸಿಲಿಕೇಟ್ ತಿಂದು ಬೆಳೆಯತ್ತೆ, ಅದು ಖಾಲಿಯಾದ್ರೆ ತಾನೇ ಹೋಗತ್ತೆ. ಇದಕ್ಕೆ ಏನೂ ಮಾಡೋದು ಬೇಡ, ನಿಜವಾಗ್ಲೂ ಏನೂ ಬೇಡ, ಗಾಜು ಒರೆಸ್ಕೊಂಡು ಸುಮ್ನೆ ಇರಿ. ಟ್ಯಾಂಕ್ ಹಳೇದಾಗಿ ಮತ್ತೆ ಮತ್ತೆ ಬರ್ತಿದ್ರೆ ಮಾತ್ರ ನೀರಿನ ಕಡೆ ಅನುಮಾನ ಪಡಿ, ಅದರ ಬಗ್ಗೆ ಕೆಳಗೆ ಬರ್ತೀನಿ.

ಕೆಂಪು ಇಲ್ಲಾ ಕಡುನೇರಳೆ ಬಣ್ಣದ ಲೋಳೆ ಹಾಸಿಗೆ ಥರ ಮರಳಿನ ಮೇಲೆ ಹರಡ್ಕೊಂಡು, ಒಂದು ತುದಿ ಹಿಡಿದೆಳೆದ್ರೆ ಪೂರ್ತಿ ಪದರ ಎದ್ದು ಬರತ್ತೆ ಅಂದ್ರೆ ಅದು ಸಯನೋ. ಲೆಕ್ಕಕ್ಕೆ ಇದು ಪಾಚಿನೇ ಅಲ್ಲ, ಬೆಳಕು ತಿಂದು ಬದುಕೋ ಬ್ಯಾಕ್ಟೀರಿಯಾ. ವಾಸನೆನೂ ಇರತ್ತೆ, ಕೈಗೆ ಹತ್ತಿದ್ರೆ ಕೊಳಚೆ ವಾಸನೆ. ನೀರಿನ ಓಟ ಕಡಿಮೆ ಇರೋ ಮೂಲೆಯಲ್ಲೇ ಶುರುವಾಗತ್ತೆ.

ಕಂದು ಬಣ್ಣ, ಆದ್ರೆ ಪುಡಿ ಅಲ್ಲ, ಪದರವೂ ಅಲ್ಲ, ಮೂಗಿನ ಸಿಂಬಳದ ಥರ ಎಳೆ ಎಳೆಯಾಗಿ ಕಲ್ಲಿಂದ, ಹವಳದ ತುದಿಯಿಂದ ಜೋತಾಡ್ತಾ, ಎಳೆ ತುದೀಲಿ ಗಾಳಿಗುಳ್ಳೆ ಸಿಕ್ಕಾಕ್ಕೊಂಡಿದ್ರೆ ಅದು ಡೈನೋ, ಪೂರ್ತಿ ಹೆಸರು ಡೈನೋಫ್ಲಾಜೆಲೇಟ್. ಇದರ ಒಂದು ಚಾಳಿ ಗೊತ್ತಿದ್ರೆ ಗುರ್ತು ಸುಲಭ: ಬೆಳಿಗ್ಗೆ ಲೈಟ್ ಹತ್ತೋ ಮುಂಚೆ ಮೊಬೈಲ್ ಟಾರ್ಚ್ ಹಾಕಿ ನೋಡಿದ್ರೆ ಮರಳು ಎಷ್ಟೋ ಚೊಕ್ಕಟವಾಗಿರತ್ತೆ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಪೂರ್ತಿ ಕಂದು. ಬಸವನಹುಳುಗಳು ಕಾರಣ ಇಲ್ಲದೆ ಮರಳ ಮೇಲೆ ಅಂಗಾತ ಬಿದ್ದು ಸಾಯ್ತಿದ್ರೂ ಇದರ ಮೇಲೇ ಅನುಮಾನ ಪಡಿ, ಕೆಲವು ಜಾತಿ ಡೈನೋ ವಿಷ.

ಡಯಾಟಮ್ಮಾ ಡೈನೋನಾ ಅಂತ ಗೊಂದಲ ಆದ್ರೆ ಮನೇಲೇ ಒಂದು ಪರೀಕ್ಷೆ ಮಾಡ್ಬಹುದು. ಸ್ವಲ್ಪ ಲೋಳೆನ ಟ್ಯಾಂಕ್ ನೀರಿನ ಜೊತೆ ಒಂದು ಸಣ್ಣ ಬಾಟ್ಲಿಗೆ ಎಳ್ಕೊಳ್ಳಿ, ಎಳೆಯೆಲ್ಲಾ ಒಡೆದು ಹೋಗೋವರೆಗೂ ಜೋರಾಗಿ ಕುಲುಕಿ, ಪೇಪರ್ ಕಾಫಿ ಫಿಲ್ಟರಲ್ಲಿ ಸೋಸಿ (ನಮ್ಮ ಸ್ಟೀಲ್ ಫಿಲ್ಟರ್ ಅಲ್ಲ ಮತ್ತೆ, ಅಮ್ಮನ ಕೈಲಿ ಸಿಕ್ಕಿಬಿದ್ರೆ ನಾನು ಜವಾಬ್ದಾರ ಅಲ್ಲ), ಕೆಳಗಿಳಿದ ನೀರನ್ನ ಗಾಜಿನ ಲೋಟದಲ್ಲಿ ಬೆಳಕಿನ ಕೆಳಗೆ ಒಂದು ಗಂಟೆ ಇಡಿ. ಸೋಸಿದ ನೀರಲ್ಲೂ ಮತ್ತೆ ಎಳೆ ಕಟ್ಕೊಂಡು ಗಂಟಾದ್ರೆ ಡೈನೋ, ಏನೂ ಆಗದೇ ಇದ್ರೆ ಬಹುತೇಕ ಅಲ್ಲ. ಮಕ್ಕಳ ಮೈಕ್ರೋಸ್ಕೋಪ್ ಇದ್ರೆ ಇನ್ನೂ ಒಳ್ಳೇದು, 400 ಪಟ್ಟು ದೊಡ್ಡದು ಮಾಡಿ ನೋಡಿ, ಎಳ್ಳಿನಾಕಾರದ ಕಣಗಳು ಒಂದು ತುದಿ ಕಟ್ಟಾಕಿದಂಗೆ ಅಲ್ಲೇ ಸುತ್ತು ಹೊಡೀತಿದ್ರೆ ಆಸ್ಟ್ರಿಯಾಪ್ಸಿಸ್ ಅನ್ನೋ ಜಾತಿ ಡೈನೋ, ಮರಳಲ್ಲಿ ಅಡ್ಡಾದಿಡ್ಡಿ ಓಡಾಡ್ತಿದ್ರೆ ಆಂಫಿಡಿನಿಯಮ್ ಇರಬಹುದು. ಈ ವ್ಯತ್ಯಾಸ ಯಾಕೆ ಮುಖ್ಯ ಅಂತ ಡೈನೋ ಭಾಗದಲ್ಲಿ ಹೇಳ್ತೀನಿ.

ಉಳಿದಿದ್ದು ಹಸಿರು. ಉದ್ದ ಮೃದು ಕೂದಲಿನ ಥರ ಇದ್ರೆ ಹೇರ್ ಆಲ್ಗೀ. ಅದೇ ಕೂದಲನ್ನ ಹತ್ತಿರದಿಂದ ನೋಡ್ದಾಗ ಪುಟ್ಟ ಹಕ್ಕಿ ಗರಿ ಥರ ಎರಡೂ ಕಡೆ ಕವಲು ಇದ್ರೆ ಬ್ರಯಾಪ್ಸಿಸ್, ಇದು ಮೊಂಡು, ಫಾಸ್ಫೇಟ್ ಎಷ್ಟು ಇಳಿಸಿದ್ರೂ ಜಗ್ಗಲ್ಲ. ಕಲ್ಲಿನ ಸಂದೀಲಿ ಹಸಿರು ಮಣಿ, ಮುತ್ತು ಪೋಣಿಸ್ದಂಗೆ ಇದ್ರೆ ಬಬಲ್ ಆಲ್ಗೀ. ಗಾಜಿನ ಮೇಲೆ ಎರಡು ಮೂರು ದಿನಕ್ಕೊಮ್ಮೆ ಬರೋ ತೆಳು ಹಸಿರು ಪದರ ರೋಗ ಅಲ್ಲ, ಅದು ಇರ್ಲೇಬೇಕು, ಮ್ಯಾಗ್ನೆಟ್ ಸ್ಕ್ರೇಪರ್ ಇರೋದೇ ಅದಕ್ಕೆ. ಗುಲಾಬಿ, ನೇರಳೆ ಬಣ್ಣದಲ್ಲಿ ಗಟ್ಟಿಯಾಗಿ ಕಲ್ಲಿಗೆ ಅಂಟ್ಕೊಂಡಿರೋದು ಕೊರಲೈನ್, ಅದನ್ನ ದಯವಿಟ್ಟು ಕೆರೀಬೇಡಿ, ಅದು ಬೆಳೆದಷ್ಟೂ ಬೇರೆ ಪಾಚಿಗೆ ಜಾಗ ಕಡಿಮೆ.

ನೀರು ಎಲ್ಲಿಂದ ಬರ್ತಿದೆ

ಬೆಂಗಳೂರಲ್ಲಿ ಅರ್ಧ ಪಾಚಿ ಕಥೆ ಇಲ್ಲೇ ಮುಗಿಯತ್ತೆ. ಬೋರ್‌ವೆಲ್ ನೀರಿನ ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಅಳತೆ) ಐನೂರು, ಎಂಟುನೂರು, ಕೆಲವು ಕಡೆ ಸಾವಿರ ದಾಟತ್ತೆ, ನೈಟ್ರೇಟೂ ಇರತ್ತೆ, ಗ್ರಾನೈಟ್ ಕಲ್ಲಿನ ಸಂದಿಯಿಂದ ಬರೋ ನೀರಾದ್ರಿಂದ ಸಿಲಿಕಾನೂ ಇರತ್ತೆ. ಕಾವೇರಿ ನೀರು ವಾಸಿ, ಆದ್ರೆ ಅದೂ ನೇರ ಟ್ಯಾಂಕಿಗಲ್ಲ. ಸರಿ ನಮ್ಮನೇಲಿ ಆರ್‌ಓ ಇದೆಯಲ್ಲ ಅಂತೀರಾ, ಅಡುಗೆಮನೆ ಆರ್‌ಓಲಿ ಒಂದು ಕಿತಾಪತಿ ಇದೆ, ಬಹಳಷ್ಟು ಮಾಡೆಲಲ್ಲಿ ರುಚಿಗೋಸ್ಕರ ಟಿಡಿಎಸ್ ಕಂಟ್ರೋಲರ್ ಅಂತ ಒಂದು ಪುಟ್ಟ ವಾಲ್ವ್ ಇರತ್ತೆ, ಅದು ಶುದ್ಧ ಆದ ನೀರಿಗೆ ಮತ್ತೆ ಹಸಿ ನೀರು ಬೆರೆಸತ್ತೆ, ಇಲ್ಲಾ ಮಿನರಲ್ ಕಾರ್ಟ್ರಿಜ್ ಇರತ್ತೆ. ಕುಡಿಯೋಕೆ ಒಳ್ಳೇದು, ಟ್ಯಾಂಕಿಗೆ ಅಲ್ಲ. ಮೆಂಬ್ರೇನಿಂದ ನೇರವಾಗಿ ಹೊರಗೆ ಬರೋ ಪೈಪಿಗೆ ಒಂದು ಟೀ ಜಾಯಿಂಟ್ ಹಾಕಿಸಿ, ಅಲ್ಲಿಂದ ಡಿಐ ರೆಸಿನ್ (ಉಳಿದ ಲವಣ ಹೀರೋ ಕಾಳು) ತುಂಬಿದ ಕ್ಯಾನಿಸ್ಟರ್ ಮೂಲಕ ಹಾಯಿಸಿ ನೀರು ಹಿಡೀರಿ. ಮೆಂಬ್ರೇನ್ ಚೆನ್ನಾಗಿದ್ರೆ 95 ಪರ್ಸೆಂಟ್ ತಡೆಯತ್ತೆ ಅಂತಿಟ್ಕೊಳ್ಳಿ, 800 ಟಿಡಿಎಸ್ ನೀರು 40ಕ್ಕೆ ಇಳಿಯತ್ತೆ, ಆ 40ನ್ನ ಸೊನ್ನೆ ಮಾಡೋದು ರೆಸಿನ್.

ಇನ್ನೂ ಒಂದು ಮಾತು, ಮೀಟರಲ್ಲಿ ಸೊನ್ನೆ ಬಂತು ಅಂತ ಪೂರ್ತಿ ನಂಬ್ಬೇಡಿ. ಟಿಡಿಎಸ್ ಮೀಟರ್ ಅಳೆಯೋದು ನೀರಲ್ಲಿ ಕರೆಂಟ್ ಎಷ್ಟು ಹರಿಯತ್ತೆ ಅನ್ನೋದನ್ನ, ಕರಗಿರೋ ಸಿಲಿಕಾಗೆ ಬಹುತೇಕ ಚಾರ್ಜೇ ಇರಲ್ಲ, ಹಾಗಾಗಿ ಅದು ಮೀಟರಿಗೆ ಕಾಣಲ್ಲ. ರೆಸಿನ್ ಸುಸ್ತಾಗೋಕೆ ಶುರುವಾದಾಗ ಮೊದ್ಲು ನುಸುಳೋದೂ ಅದೇ. ಹಳೇ ಟ್ಯಾಂಕಲ್ಲಿ ಡಯಾಟಮ್ ಮತ್ತೆ ಬಂತು ಅಂದ್ರೆ ರೆಸಿನ್ ಬದಲಾಯಿಸೋ ಹೊತ್ತು. ವಾರಕ್ಕೊಮ್ಮೆ ಬದಲಾಯಿಸೋ ನೀರಿಗಿಂತ, ಆವಿಯಾಗಿದ್ದಕ್ಕೆ ದಿನಾ ಟಾಪ್ ಅಪ್ ಮಾಡೋ ನೀರೇ ಹೆಚ್ಚು ಕೆಲ್ಸ ಕೆಡಿಸೋದು, ಯಾಕಂದ್ರೆ ಆವಿಯಾಗಿ ಹೋಗೋದು ಬರೀ ನೀರು, ಅದರಲ್ಲಿ ಬಂದಿದ್ದೆಲ್ಲಾ ಟ್ಯಾಂಕಲ್ಲೇ ಕೂತ್ಕೊಳತ್ತೆ. 200 ಲೀಟರಿನ ಟ್ಯಾಂಕ್ ದಿನಕ್ಕೆ ಎರಡು ಮೂರು ಲೀಟರ್ ಕುಡಿದ್ರೆ ತಿಂಗಳಿಗೆ ಎಷ್ಟಾಯ್ತು ಲೆಕ್ಕ ಹಾಕಿ, ಏಪ್ರಿಲ್ಲಲ್ಲಿ ಫ್ಯಾನ್ ಬೇರೆ ಹಾಕಿರ್ತೀರಾ, ಇನ್ನೂ ಜಾಸ್ತಿ.

ಮಂಗಳೂರು, ಉಡುಪಿ, ಕಾರವಾರದ ಕಡೆಯವ್ರು ಉಪ್ಪು ಕೊಳ್ಳೋದು ಯಾಕೆ ಸಮುದ್ರದ ನೀರೇ ಇದೆಯಲ್ಲ ಅಂತ ಕ್ಯಾನ್ ಹಿಡ್ಕೊಂಡು ಹೋಗ್ತಾರೆ, ತಪ್ಪೇನಿಲ್ಲ, ಆದ್ರೆ ಜೂನಿಂದ ಸೆಪ್ಟೆಂಬರ್‌ವರೆಗೆ ಬೇಡ. ಮಳೆಗಾಲದಲ್ಲಿ ನೇತ್ರಾವತಿ, ಕಾಳಿ ಥರದ ನದಿಗಳು ಕೆಸರು, ಗೊಬ್ಬರದ ಅಂಶ ಎಲ್ಲಾ ತಂದು ಕಡಲಿಗೆ ಸುರೀತಾವೆ, ಉಪ್ಪಿನಂಶ ಇಳಿಯತ್ತೆ, ಅದೇ ಹೊತ್ತಿಗೆ ಪಶ್ಚಿಮ ಕರಾವಳಿಯಲ್ಲಿ ಆಳದ ಪೌಷ್ಟಿಕ ನೀರು ಮೇಲಕ್ಕೆ ಏಳತ್ತೆ. ಮೀನುಗಾರರಿಗೆ ಒಳ್ಳೇದು, ನಿಮ್ಮ ಗಾಜಿನ ಡಬ್ಬಕ್ಕೆ ಪಾಚಿ ಊಟ. ಡಿಸೆಂಬರ್ ಜನವರಿಯಲ್ಲಿ, ಅಳಿವೆ ಬಾಯಿಂದ ದೂರ, ಭರತದ ಹೊತ್ತಲ್ಲಿ ಹಿಡಿದು, ಸೋಸಿ, ಉಪ್ಪು 35 ಪಿಪಿಟಿ (ಸಾವಿರಕ್ಕೆ 35 ಭಾಗ) ಇದೆಯಾ ಅಂತ ರಿಫ್ರ್ಯಾಕ್ಟೋಮೀಟರಲ್ಲಿ ನೋಡಿ ಬಳಸಿ. ಹಾಗೇ ನೇತ್ರಾಣಿ ಕಡೆಯಿಂದ ಕಲ್ಲು, ಹವಳ ಎತ್ಕೊಂಡ್ ಬರೋ ಆಸೆ ಇದ್ರೆ ಬಿಟ್ಬಿಡಿ, ಕಲ್ಲು ಹವಳಗಳೆಲ್ಲಾ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಷೆಡ್ಯೂಲಲ್ಲಿವೆ, ಹುಲಿಗೆ ಇರೋ ರಕ್ಷಣೆನೇ ಅದಕ್ಕೂ.

ಕೈಯಲ್ಲಿ ಕೀಳೋದು

ಹೇರ್ ಆಲ್ಗೀ ಇರಲಿ ಸಯನೋ ಇರಲಿ, ಮೊದಲ ದಿನ ಮಾಡ್ಬೇಕಾದ ಕೆಲ್ಸ ಇದೇ, ಇದನ್ನ ಬಿಟ್ಟು ಬೇರೆ ಏನು ಮಾಡಿದ್ರೂ ತಿಂಗಳುಗಟ್ಟಲೆ ಎಳೆಯತ್ತೆ. ಪಾಚಿ ತಿಂದ ನೈಟ್ರೇಟ್ ಫಾಸ್ಫೇಟ್ ಪಾಚಿಯ ಮೈಯೊಳಗೇ ಇರತ್ತೆ, ಅದನ್ನ ಹೊರಗೆ ಎಸೆದ್ರೆ ಅಷ್ಟೂ ಹೊರಗೆ ಹೋಯ್ತು. ಬರೀ ಉಜ್ಜಿ ನೀರಲ್ಲಿ ತೇಲಿಬಿಟ್ರೆ ಅದು ಕೊಳೆತು ಮತ್ತೆ ನೀರಿಗೇ ಸೇರತ್ತೆ, ತುಂಡುಗಳು ಬೇರೆ ಕಡೆ ಬೇರು ಬಿಡ್ತಾವೆ.

ಒಂದೂವರೆ ಮೀಟರ್ ಉದ್ದದ ಹೆಬ್ಬೆರಳು ಗಾತ್ರದ ಪಾರದರ್ಶಕ ಹೋಸ್ ತಗೊಳ್ಳಿ. ಅದರ ತುದಿಗೆ ಹಳೇ ಟೂತ್‌ಬ್ರಷ್ ಒಂದನ್ನ ಎರಡು ಕೇಬಲ್ ಟೈ ಹಾಕಿ ಬಿಗಿದು ಕಟ್ಟಿ, ಬ್ರಷ್ಷಿನ ಕೂದಲು ಹೋಸಿನ ಬಾಯಿಗಿಂತ ಬೆರಳಗಲ ಮುಂದೆ ಇರ್ಬೇಕು. ಇನ್ನೊಂದು ತುದಿ ಕೆಳಗೆ ಬಕೆಟ್ಟಿಗೆ, ಬಕೆಟ್ ಬಾಯಿಗೆ ಹಳೇ ಪಂಚೆ ತುಂಡು ಎರಡು ಮಡಿಕೆ ಮಾಡಿ ಕಟ್ಟಿ. ಪಂಪ್ ಎಲ್ಲಾ ಆಫ್ ಮಾಡಿ ಸೈಫನ್ ಶುರು ಮಾಡಿದ್ರೆ ಬ್ರಷ್ ಕೀಳ್ತಾ ಹೋದಂಗೆ ಹೋಸ್ ಎಳ್ಕೊಳ್ತಾ ಹೋಗತ್ತೆ, ತುಂಡು ಎಲ್ಲೂ ತೇಲಲ್ಲ. ಬಟ್ಟೆ ಮೇಲೆ ಹಸಿರು ಮುದ್ದೆ ನಿಲ್ಲತ್ತೆ, ಕೆಳಗೆ ಇಳಿದ ನೀರು ತಿಳಿಯಾಗಿದ್ರೆ ಟ್ಯಾಂಕಿಗೆ ವಾಪಸ್ ಹಾಕ್ಬಹುದು, ಸಯನೋ ಆದ್ರೆ ಹಾಕ್ಬೇಡಿ, ಆ ನೀರು ಚರಂಡಿಗೆ, ಹೊಸ ಉಪ್ಪುನೀರು ಟ್ಯಾಂಕಿಗೆ. ಕೂದಲು ಉದ್ದ ಇದ್ರೆ ಮೊದ್ಲು ಬೆರಳಿಗೆ ಸುತ್ಕೊಂಡು ಕೀಳಿ, ಆಮೇಲೆ ಬ್ರಷ್. ಒಂದೇ ದಿನ ಪೂರ್ತಿ ಮಾಡೋ ಹಠ ಬೇಡ, ಈ ವಾರ ಎಡಗಡೆ ಕಲ್ಲು, ಮುಂದಿನ ವಾರ ಬಲಗಡೆ.

ಹೊರಗೆ ತೆಗೆಯೋಕಾಗೋ ಸಣ್ಣ ಕಲ್ಲಾದ್ರೆ ಹೈಡ್ರೋಜನ್ ಪೆರಾಕ್ಸೈಡ್ ಬಳಸ್ಬಹುದು. ಹೊರದೇಶದ ವಿಡಿಯೋಲೆಲ್ಲಾ 3 ಪರ್ಸೆಂಟ್ ಅಂತ ಹೇಳಿರ್ತಾರೆ, ನಮ್ಮ ಮೆಡಿಕಲ್ ಶಾಪಲ್ಲಿ ಸಾಮಾನ್ಯವಾಗಿ ಸಿಗೋದು 6 ಪರ್ಸೆಂಟಿಂದು, ಬಾಟ್ಲಿ ಮೇಲೆ 20 ವಾಲ್ಯೂಮ್ ಅಂತ ಬರೆದಿರತ್ತೆ, ಅದಕ್ಕೆ ಅಷ್ಟೇ ಆರ್‌ಓ ನೀರು ಬೆರೆಸಿದ್ರೆ 3 ಆಗತ್ತೆ. ಸಿರಿಂಜಲ್ಲಿ ಪಾಚಿ ಮೇಲೆ ಮಾತ್ರ ಬಿಡಿ, ಬುಸ ಬುಸ ನೊರೆ ಬರತ್ತೆ, ಮೂರ್ನಾಲ್ಕು ನಿಮಿಷ ಬಿಟ್ಟು ಟ್ಯಾಂಕ್ ನೀರಲ್ಲಿ ತೊಳೆದು ವಾಪಸ್ ಇಡಿ. ಎರಡು ಮೂರು ದಿನದಲ್ಲಿ ಪಾಚಿ ಬಿಳಚಿಕೊಳ್ಳತ್ತೆ, ಬಸವನಹುಳುಗಳು ಬಂದು ತಿಂತಾವೆ. ಹವಳದ ಮೇಲೆ ಬೀಳಿಸ್ಬೇಡಿ, ಸೀಗಡಿ ಇದ್ರೆ ನೇರ ಟ್ಯಾಂಕಿಗೆ ಸುರಿಯೋ ಸಾಹಸವೂ ಬೇಡ.

ಒಂದು ಎಚ್ಚರಿಕೆ, ಇದನ್ನ ತಮಾಷೆಯಾಗಿ ತಗೋಬೇಡಿ: ಕಲ್ಲಲ್ಲಿ ಝೋವಾಂಥಿಡ್, ಪಾಲಿಥೋವಾ ಹವಳಗಳಿದ್ರೆ ಅವುಗಳಲ್ಲಿ ಪಾಲಿಟಾಕ್ಸಿನ್ ಅನ್ನೋ ಭಾರಿ ವಿಷ ಇರಬಹುದು. ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕ್ಕೊಂಡೇ ಉಜ್ಜಿ, ಸೈಫನ್ ಬಾಯಲ್ಲಿ ಎಳೀಬೇಡಿ, ಪಾಚಿ ಸಾಯ್ಲಿ ಅಂತ ಕಲ್ಲನ್ನ ಕುದಿಸೋದು, ಬಿಸಿನೀರು ಸುರಿಯೋದು ಯಾವತ್ತೂ ಮಾಡ್ಬೇಡಿ. ಆ ಆವಿ ಕುಡಿದು ಮನೆಮಂದಿಯೆಲ್ಲಾ ಆಸ್ಪತ್ರೆ ಸೇರಿದ ಘಟನೆಗಳು ಹೊರದೇಶಗಳಲ್ಲಿ ಆಗಿವೆ.

ಊಟ ನಿಲ್ಸೋದು, ಆದ್ರೆ ಉಪವಾಸ ಹಾಕೋದಲ್ಲ

ಗುರಿ ಇಷ್ಟು ಇಟ್ಕೊಳ್ಳಿ: ನೈಟ್ರೇಟ್ 2ರಿಂದ 10 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಅಂತ), ಫಾಸ್ಫೇಟ್ 0.03ರಿಂದ 0.1. ಸೊನ್ನೆ ಅಲ್ಲ. ಸೊನ್ನೆ ಮಾಡಿದ್ರೆ ಹವಳ ಬಿಳಚತ್ತೆ, ಡೈನೋಗೆ ಬಾಗಿಲು ತೆಗೆದಂಗೆ ಆಗತ್ತೆ. ಹ್ಯಾನಾ ಕಂಪನಿಯ ಫಾಸ್ಫರಸ್ ಚೆಕರ್ ಮೀಟರ್ ಇಟ್ಕೊಂಡಿರೋರು ಅದು ತೋರಿಸೋ ನಂಬರ್ ಫಾಸ್ಫೇಟ್ ಅಂದ್ಕೊಂಡು ಗಾಬರಿ ಬೀಳ್ತಾರೆ, ಅದು ಪಿಪಿಬಿಯಲ್ಲಿ (ನೂರು ಕೋಟಿ ಭಾಗಕ್ಕೆ ಇಷ್ಟು ಅಂತ) ಫಾಸ್ಫರಸ್, 3.066ರಿಂದ ಗುಣಿಸಿ ಸಾವಿರದಿಂದ ಭಾಗಿಸ್ಬೇಕು, 20 ಅಂತ ಬಂದ್ರೆ ಸುಮಾರು 0.06 ಫಾಸ್ಫೇಟ್, ಆರಾಮಾಗಿದೆ.

ಟೆಸ್ಟಲ್ಲಿ ಎಲ್ಲಾ ಸೊನ್ನೆ ಬರ್ತಿದೆ ಆದ್ರೂ ಕೂದಲು ಪಾಚಿ ಮೊಳದುದ್ದ ಬೆಳೀತಿದೆ ಅನ್ನೋದು ಎಲ್ಲರೂ ಕೇಳೋ ಪ್ರಶ್ನೆ. ನೀರಿಗೆ ಬಂದಿದ್ದನ್ನ ಬಂದ ಹಾಗೇ ಪಾಚಿ ತಿಂದು ಮುಗಿಸ್ತಿದೆ, ಕಿಟ್ ಅಳೆಯೋದು ತಿಂದು ಮಿಕ್ಕಿದ್ದನ್ನ ಮಾತ್ರ. ಇಂಥ ಟ್ಯಾಂಕಿಗೆ ಫಾಸ್ಫೇಟ್ ರಿಮೂವರ್ ಹಾಕೋದು ದುಡ್ಡು ದಂಡ, ಕೈಯಲ್ಲಿ ಕೀಳೋದೇ ದಾರಿ, ಕಿತ್ತ ಮೇಲೆ ನಂಬರ್ ಏರಿದ್ರೆ ಆಗ ಯೋಚ್ನೆ ಮಾಡಿ.

ಏರಿದ್ರೆ ಏನು ಮಾಡೋದು? ಮೊದ್ಲು ಮೀನಿಗೆ ಹಾಕೋ ಊಟ ನೋಡಿ. ಒಂದೆರಡು ನಿಮಿಷದಲ್ಲಿ ಖಾಲಿ ಆಗೋಷ್ಟೇ ಹಾಕಿ, ಮರಳಿಗೆ ಬಿದ್ದು ಮಲಗಿದ್ದೆಲ್ಲಾ ಪಾಚಿ ಪಾಲು. ಫ್ರೋಜನ್ ಮೈಸಿಸ್ (ಪುಟ್ಟ ಸೀಗಡಿ ಥರದ ಮೀನಿನ ಊಟ) ಕ್ಯೂಬನ್ನ ಕರಗಿಸಿ ಆ ನೀರು ಚೆಲ್ಲಿ ಹಾಕಿ ಅಂತಾರೆ, ಚೆಲ್ಲಿ ಪರವಾಗಿಲ್ಲ, ಆದ್ರೆ ಎರಡು ಕ್ಯೂಬ್ ಹಾಕೋ ಕಡೆ ಒಂದು ಹಾಕೋದ್ರ ಮುಂದೆ ಅದೆಲ್ಲಾ ಚಿಲ್ರೆ. ನೊರೆ ಎಬ್ಬಿಸಿ ಕೊಳೆ ಹೊರಗೆ ಹಾಕೋ ಸ್ಕಿಮ್ಮರಿನ ಕತ್ತು ವಾರಕ್ಕೆರಡು ಸಲ ಒರೆಸಿ, ಅಲ್ಲಿ ಜಿಡ್ಡು ಕೂತ್ರೆ ನೊರೆ ಮೇಲೇ ಏರಲ್ಲ. ಫಿಲ್ಟರ್ ಸಾಕ್ಸ್ ಮೂರು ದಿನಕ್ಕೊಮ್ಮೆ ತೊಳೀರಿ, ಅದರಲ್ಲಿ ಸಿಕ್ಕಿದ್ದು ಇನ್ನೂ ಟ್ಯಾಂಕಲ್ಲೇ ಕೊಳೀತಿರತ್ತೆ.

ಸಂಪ್ (ಕೆಳಗಿನ ಫಿಲ್ಟರ್ ಟ್ಯಾಂಕ್) ಇದ್ರೆ ಅದರಲ್ಲಿ ರೆಫ್ಯೂಜಿಯಮ್, ಅಂದ್ರೆ ಒಳ್ಳೇ ಪಾಚಿ ಬೆಳೆಸೋ ಜಾಗ, ಮಾಡಿ ಅಂತ ನಾನು ಒತ್ತಾಯ ಮಾಡ್ತೀನಿ. ಕೀಟೋಮಾರ್ಫಾ ಅನ್ನೋ ನೂಲಿನುಂಡೆಯಂಥ ಒಳ್ಳೇ ಪಾಚಿ ಒಂದು ಹಿಡಿ ಹಾಕಿ, ಮೇಲೆ ಗಿಡಕ್ಕೆ ಹಾಕೋ ಗ್ರೋ ಲೈಟ್ ಹಾಕಿ, ಮುಖ್ಯ ಟ್ಯಾಂಕಿನ ಲೈಟ್ ಆರಿರೋ ರಾತ್ರಿ ಹೊತ್ತು ಇದು ಹತ್ತಿರ್ಲಿ, ರಾತ್ರಿ ಪಿಎಚ್ ಬೀಳೋದೂ ಕಡಿಮೆಯಾಗತ್ತೆ. ಎರಡು ವಾರಕ್ಕೊಮ್ಮೆ ಅರ್ಧ ಕಿತ್ತು ಎಸೀರಿ, ಎಸೆಯದೆ ಇಟ್ಕೊಂಡ್ರೆ ಪ್ರಯೋಜನ ಇಲ್ಲ. ಪಾಚಿನ ಪಾಚಿಯಿಂದಲೇ ಸೋಲಿಸೋ ಈ ಉಪಾಯ ಹೊಸದೇನಲ್ಲ, ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ವಾಲ್ಟರ್ ಏಡಿ ಅನ್ನೋ ವಿಜ್ಞಾನಿ ಆಲ್ಗೀ ಟರ್ಫ್ ಸ್ಕ್ರಬ್ಬರ್ ಅಂತ ಜಾಲರಿ ಮೇಲೆ ನೀರು ಹರಿಸಿ ಪಾಚಿ ಬೆಳೆಸೋ ವಿಧಾನ ಮಾಡಿದ್ರು, 1980ರ ದಶಕಕ್ಕೇ ಅದು ಬಂದಾಗಿದೆ.

ಜಿಎಫ್‌ಓ, ಅಂದ್ರೆ ಫಾಸ್ಫೇಟ್ ಹೀರೋ ಕಬ್ಬಿಣದ ಆಕ್ಸೈಡ್ ಕಾಳು, ಚೆನ್ನಾಗಿ ಕೆಲ್ಸ ಮಾಡತ್ತೆ, ಆದ್ರೆ ಡಬ್ಬಿ ಮೇಲೆ ಹೇಳಿದ್ದರ ಕಾಲು ಭಾಗದಿಂದ ಶುರು ಮಾಡಿ. ಒಂದೇ ಸಲ ಫಾಸ್ಫೇಟ್ ಬಿದ್ರೆ ಹವಳಗಳ ಮೇಲಿನ ಜೀವಂತ ಪದರ ಬುಡದಿಂದ ಕಿತ್ತು ಬರೋಕೆ ಶುರುವಾಗತ್ತೆ. ಇನ್ನೊಂದು, ಸುಣ್ಣದ ಕಲ್ಲು ಮರಳು ಎರಡೂ ಫಾಸ್ಫೇಟ್ ಹಿಡಿದಿಟ್ಕೊಂಡಿರ್ತಾವೆ, ನೀರಲ್ಲಿ ಇಳಿದಷ್ಟೂ ಅವು ಬಿಡ್ತಾ ಹೋಗ್ತಾವೆ, ಹಾಗಾಗಿ ಸೋಮವಾರ ಇಳಿದ ನಂಬರ್ ಗುರುವಾರ ಮತ್ತೆ ಏರಿದ್ರೆ ಕಾಳು ಕೆಟ್ಟಿಲ್ಲ, ಕಲ್ಲು ಹಳೇ ಬಾಕಿ ಕೊಡ್ತಿದೆ. ಕಾರ್ಬನ್ ಡೋಸಿಂಗ್ ಅಂತ ವೋಡ್ಕಾ, ವಿನೆಗರ್ ಹಾಕೋದೂ ಇದೆ, ಬ್ಯಾಕ್ಟೀರಿಯಾ ಅದನ್ನ ತಿಂದು ನೈಟ್ರೇಟ್ ಎಳ್ಕೊಂಡು ಬೆಳೆದು ಸ್ಕಿಮ್ಮರಲ್ಲಿ ಹೊರಗೆ ಹೋಗ್ತಾವೆ, ಆದ್ರೆ ಟ್ಯಾಂಕಿಗೆ ಅಂತ ವೋಡ್ಕಾ ತಂದೆ ಅಂದ್ರೆ ಮನೇಲಿ ಯಾರೂ ನಂಬಲ್ಲ, ಮತ್ತೆ ಸಯನೋ ಇರೋ ಟ್ಯಾಂಕಲ್ಲಿ ಇದನ್ನ ಮಾಡಿದ್ರೆ ಅದೇ ಕೊಬ್ಬತ್ತೆ. ಹೊಸಬರು ಇದರ ತಂಟೆಗೆ ಹೋಗ್ಬೇಡಿ.

ಲೈಟ್ ದಿನಕ್ಕೆ ಎಂಟು ಗಂಟೆ ಸಾಕು, ಬಿಳಿ ಕೆಂಪು ಚಾನಲ್ ಇಳಿಸಿ ನೀಲಿ ಇರ್ಲಿ. ಕಿಟಕಿ ಬಿಸಿಲು ಬೀಳೋ ಜಾಗ ಆದ್ರೆ ಪರದೆ ಹಾಕಿ.

ಪಾಚಿ ತಿನ್ನೋ ಪ್ರಾಣಿಗಳು

ಟ್ರೋಕಸ್ ಬಸವನಹುಳು ನನ್ನ ಮೊದಲ ಆಯ್ಕೆ, ಬಿದ್ರೆ ತಾನೇ ತಿರುಗಿ ಏಳತ್ತೆ. ಆಸ್ಟ್ರಿಯಾ ಅನ್ನೋ ಬಸವನಹುಳು ಏಳಲ್ಲ, ನೀವೇ ದಿನಾ ಎಬ್ಬಿಸ್ಬೇಕು. ಟರ್ಬೊ ಬಕಾಸುರ, ಚೆನ್ನಾಗಿ ಮೇಯತ್ತೆ, ಜೊತೆಗೆ ಅಂಟಿಸದೇ ಇಟ್ಟ ಹವಳನೆಲ್ಲಾ ಬೀಳಿಸತ್ತೆ. ನಸ್ಸಾರಿಯಸ್ ಪಾಚಿ ಮುಟ್ಟಲ್ಲ, ಅದು ಮರಳಲ್ಲಿ ಹೂತ್ಕೊಂಡಿದ್ದು ಮಿಕ್ಕಿದ ಮಾಂಸದೂಟ ತಿನ್ನೋದು, ಪಾಚಿಗೆ ಅಂತ ಮಾರಿದ್ರೆ ತಗೋಬೇಡಿ. ಹರ್ಮಿಟ್ ಏಡಿಗಳು ಚಿಪ್ಪಿನಾಸೆಗೆ ಬಸವನಹುಳು ಕೊಲ್ತಾವೆ, ಖಾಲಿ ಚಿಪ್ಪು ನಾಲ್ಕು ಹಾಕಿಡಿ. ಬಬಲ್ ಆಲ್ಗೀಗೆ ಎಮರಾಲ್ಡ್ ಏಡಿ ಅಂತಾರೆ, ಕೆಲವು ತಿಂತಾವೆ ಕೆಲವು ತಿರುಗಿಯೂ ನೋಡಲ್ಲ. ನಂಬಿಕೆ ಇಡೋದಾದ್ರೆ ಚಪ್ಪಟೆ ಸ್ಕ್ರೂಡ್ರೈವರ್ ಮೇಲೆ ಇಡಿ, ಮಣಿ ಒಡೆಯದಂತೆ ಬುಡದಿಂದ ಎಬ್ಬಿಸಿ ಹೋಸಲ್ಲಿ ಎಳ್ಕೊಳ್ಳಿ. ಲಾನ್‌ಮೋವರ್ ಬ್ಲೆನಿ ಮೀನು ಮುದ್ದಾಗಿರತ್ತೆ, ಪಾಚಿ ಮುಗಿದ ಮೇಲೆ ಎಷ್ಟೋ ಮನೇಲಿ ಹೊಟ್ಟೆ ಒಣಗಿ ಸಾಯತ್ತೆ, ನೋರಿ (ಒಣಗಿಸಿದ ಕಡಲಪಾಚಿ) ಶೀಟ್ ತಿನ್ನೋದು ಕಲಿಸ್ಬೇಕು. ಟ್ಯಾಂಗ್ ಮೀನುಗಳಿಗೆ ನಾಲ್ಕಡಿಗಿಂತ ಚಿಕ್ಕ ಟ್ಯಾಂಕ್ ಬೇಡ, ಫಾಕ್ಸ್‌ಫೇಸ್ ಮೀನಿನ ಬೆನ್ನಿನ ಮುಳ್ಳಲ್ಲಿ ವಿಷ ಇದೆ, ಕೈ ಹಾಕೋವಾಗ ನೋಡ್ಕೊಳ್ಳಿ. ಏನೇ ತಂದ್ರೂ ಅವಕ್ಕೆ ತಿನ್ನೋಕಾಗೋದು ಗಿಡ್ಡ ಪಾಚಿ, ಉದ್ದ ಕೂದಲನ್ನ ನೀವು ಕಿತ್ತು ಕೊಟ್ರೆ ಮಾತ್ರ ಅವು ಹಿಂದೆ ಕಾಯ್ತಾವೆ.

ಸಯನೋ, ಬ್ರಯಾಪ್ಸಿಸ್, ಡೈನೋ

ಸಯನೋಗೆ: ಎಳೆದು ತೆಗೀರಿ, ಆ ಮೂಲೆಗೆ ವೇವ್‌ಮೇಕರ್ (ನೀರು ಓಡಿಸೋ ಪಂಪ್) ತಿರುಗಿಸಿ, ಇದನ್ನ ಎರಡು ಮೂರು ವಾರ ಮಾಡಿ. ಜಗ್ಗದಿದ್ರೆ ಮೂರು ದಿನ ಪೂರ್ತಿ ಲೈಟ್ ಆಫ್, ಗಾಜಿಗೆ ಬೆಡ್‌ಶೀಟ್ ಮುಚ್ಚಿ, ಮೀನಿಗೆ ಹವಳಕ್ಕೆ ಏನೂ ಆಗಲ್ಲ. ಏರ್‌ಸ್ಟೋನ್ ಮಾತ್ರ ಹಾಕಿರ್ಲೇಬೇಕು, ಸಾಯೋ ಲೋಳೆ ಆಕ್ಸಿಜನ್ ತಿನ್ನತ್ತೆ, ಕರೆಂಟ್ ಹೋಗೋ ಏರಿಯಾ ಆದ್ರೆ ಏರ್ ಪಂಪನ್ನ ಯುಪಿಎಸ್‌ಗೆ ಹಾಕಿ. ಬಾಟ್ಲಿ ಮದ್ದು ಕಡೇ ದಾರಿ, ಹಾಕಿದ್ರೆ ಸ್ಕಿಮ್ಮರ್ ಹುಚ್ಚೆದ್ದು ನೊರೆ ಉಕ್ಕಿಸತ್ತೆ, ಕಪ್ ತೆಗೆದಿಡಿ.

ಬ್ರಯಾಪ್ಸಿಸ್ಸಿಗೆ ಫ್ಲುಕೊನಜೋಲ್, ಮನುಷ್ಯರಿಗೆ ಫಂಗಸ್ಸಿಗೆ ಕೊಡೋ ಮಾತ್ರೆನೇ, ಡಾಕ್ಟರ್ ಚೀಟಿ ಬೇಕಾಗತ್ತೆ. ರೂಢಿಯಲ್ಲಿರೋ ಡೋಸ್ ಲೀಟರಿಗೆ ಸುಮಾರು 5 ಮಿಲಿಗ್ರಾಂ, ಅಂದ್ರೆ ಕಲ್ಲು ಮರಳು ಕಳೆದು ನಿಜವಾದ ನೀರು 200 ಲೀಟರ್ ಇದ್ರೆ ಒಂದು ಗ್ರಾಂ. ಫಿಲ್ಟರಿನ ಕಾರ್ಬನ್ ತೆಗೀರಿ, ಯುವಿ ದೀಪ ಇದ್ರೆ ಆಫ್ ಮಾಡಿ, ಕೈಲಾದಷ್ಟು ಮೊದ್ಲೇ ಕಿತ್ತುಬಿಡಿ. ಒಂದು ವಾರ ಏನೂ ಕಾಣಲ್ಲ, ಆಮೇಲೆ ಬೂದಿ ಬಣ್ಣಕ್ಕೆ ತಿರುಗತ್ತೆ. ರೆಫ್ಯೂಜಿಯಮ್ಮಿನ ಪಾಚಿಗೂ ಪೆಟ್ಟು ಬೀಳಬಹುದು, ಒಂದು ಹಿಡಿ ಬೇರೆ ಬಕೆಟ್ಟಲ್ಲಿ ಉಳಿಸ್ಕೊಳ್ಳಿ. ಸಯನೋಗೆ, ಡೈನೋಗೆ ಇದರಿಂದ ಏನೂ ಆಗಲ್ಲ.

ಡೈನೋ ಇದ್ರೆ ಮೇಲೆ ಹೇಳಿದ್ದೆಲ್ಲಾ ಉಲ್ಟಾ. ನೀರು ಬದಲಾಯಿಸೋದು ನಿಲ್ಸಿ, ಜಿಎಫ್‌ಓ ತೆಗೀರಿ, ಸ್ಕಿಮ್ಮರ್ ಸ್ವಲ್ಪ ಹೊತ್ತು ಮಾತ್ರ ಓಡಿಸಿ. ನೈಟ್ರೇಟ್ 5ರಿಂದ 10ಕ್ಕೆ, ಫಾಸ್ಫೇಟ್ 0.1ರ ಹತ್ರಕ್ಕೆ ಏರಿಸಿ ಅಲ್ಲೇ ಹಿಡಿದಿಡಿ. ಬರೀ ಮೀನಿನ ಊಟ ಜಾಸ್ತಿ ಮಾಡಿದ್ರೆ ಏರೋದು ನಿಧಾನ, ಶುದ್ಧ ಸೋಡಿಯಂ ನೈಟ್ರೇಟ್ ಸಿಕ್ಕಿದ್ರೆ 200 ಲೀಟರಿಗೆ 0.27 ಗ್ರಾಂ ಹಾಕಿದ್ರೆ 1 ಪಿಪಿಎಂ ಏರತ್ತೆ, ದಿನಾ ಟೆಸ್ಟ್ ಮಾಡ್ತಾ ಹಾಕಿ. ಮೈಕ್ರೋಸ್ಕೋಪಲ್ಲಿ ಆಸ್ಟ್ರಿಯಾಪ್ಸಿಸ್ ಕಂಡಿದ್ರೆ ಅದು ರಾತ್ರಿ ನೀರಿಗೆ ಎದ್ದು ತೇಲೋ ಜಾತಿ, ಯುವಿ ಸ್ಟೆರಿಲೈಸರನ್ನ ಸಂಪಿಗಲ್ಲ, ನೇರ ಡಿಸ್‌ಪ್ಲೇ ಟ್ಯಾಂಕಿಗೇ ಜೋಡಿಸಿ ರಾತ್ರಿ ಪೂರ್ತಿ ಓಡಿಸಿದ್ರೆ ವಾರದಲ್ಲೇ ವ್ಯತ್ಯಾಸ ಕಾಣತ್ತೆ. ಆಂಫಿಡಿನಿಯಮ್ ಮರಳು ಬಿಟ್ಟು ಏಳೋದು ಕಡಿಮೆ, ಯುವಿಗೆ ಸಿಗಲ್ಲ, ಅದಕ್ಕೆ ಸಿಲಿಕೇಟ್ ಹಾಕಿ ಬೇಕಂತಲೇ ಡಯಾಟಮ್ ಬರಿಸ್ತಾರೆ, ಜಾಗಕ್ಕೆ ಜಗಳ ಆಗಿ ಡೈನೋ ಸೋಲ್ಲಿ ಅಂತ. ಮರಳು ಮೊದ್ಲು ಕೊಳಕಾಗತ್ತೆ, ಮನೆಯವ್ರು ಬೈತಾರೆ, ಆದ್ರೂ ಬಿಡ್ಬೇಡಿ. ಕಡೆಗೆ ಮಾಮೂಲಿ ಹಸಿರು ಪಾಚಿ ಬಂತು ಅಂದ್ರೆ ನೀವು ಗೆದ್ರಿ ಅಂತಲೇ ಅರ್ಥ.

ಊರಿಗೆ ಹೋಗೋವಾಗ

ಹಬ್ಬಕ್ಕೋ ಮದುವೆಗೋ ನಾಲ್ಕು ದಿನ ಊರಿಗೆ ಹೋಗಿ ಬರೋಷ್ಟರಲ್ಲಿ ಟ್ಯಾಂಕ್ ಹಸಿರಾಗೋದು ಯಾಕಂದ್ರೆ, ಪಕ್ಕದ ಮನೆ ಆಂಟಿಗೆ ಫುಡ್ ಡಬ್ಬಿ ಪೂರ್ತಿ ಕೊಟ್ಟು ಹೋಗಿರ್ತೀರಾ, ಅವ್ರು ಪಾಪ ಮೀನು ಗಾಜಿನ ಹತ್ರ ಬಂದಾಗೆಲ್ಲಾ ಹಸಿವೇನೋ ಅಂತ ಹಾಕ್ತಾರೆ. ವಾರದ ಮಾತ್ರೆ ಇಡೋ ಏಳು ಖಾನೆ ಪ್ಲಾಸ್ಟಿಕ್ ಡಬ್ಬಿ ತಂದು ಒಂದೊಂದು ಖಾನೆಗೂ ಒಂದು ದಿನದ ಪೆಲೆಟ್ ಅಳೆದು ಹಾಕಿ, ಮೂಲ ಡಬ್ಬಿನ ಬೀರುವಲ್ಲಿ ಬೀಗ ಹಾಕಿ. ಒಂದು ದಿನ ಬಿಟ್ಟು ಒಂದು ದಿನ ಹಾಕಿದ್ರೂ ದೊಡ್ಡ ಮೀನುಗಳಿಗೆ ಏನೂ ಆಗಲ್ಲ ಅಂತ ಆಂಟಿಗೆ ಹೇಳಿ, ಅವ್ರು ಒಪ್ಪಲ್ಲ, ಅದಕ್ಕೆ ಖಾನೆ ತುಂಬೋವಾಗಲೇ ಅರ್ಧ ಹಾಕಿರಿ.